ಗಾಡಿ ಹತ್ತಿದ ಪ್ರಾಣಿಗೆ ಬಾಯಿಲ್ಲ

ನಾಯಿ, ಬೆಕ್ಕು, ಆಡು, ಕರುಗಳನ್ನು ಕಾರು, ಟಂಟಂ, ಛೋಟಾ ಹಾಥಿಯಲ್ಲಿ ಒಯ್ಯುವವರಿಗೆ ಕೆಲವು ಪಾಠ

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಹೇಳಿಕೊಳ್ಳಲು ಹೆಮ್ಮೆಯಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇದೇ ತಪ್ಪನ್ನು ಮಾಡಲು ತಯಾರಾಗಿ ನಿಂತವರನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ.

ನಾಲ್ಕು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ಭಾಲ್ಕಿ ಕಡೆ ಇರುವ ನಮ್ಮ ಬೀಗರ ಹೊಲದಲ್ಲಿ ಹಂದಿ ಕಾಟ ಜೋರಾಗಿತ್ತು. ಆಡಿನ ದೊಡ್ಡಿಗೂ ಕಾವಲು ಬೇಕಿತ್ತು. "ನಿಮ್ಮ ಕಾಳ್ಯಾನ್ನ ಕೊಡ್ರಿ ಬೀಗರೇ, ಮನಿ ಮಗನ ಹಂಗ ನೋಡ್ಕೋತೀವಿ" ಎಂದು ಕೇಳಿದ್ದರು. ಕಾಳ್ಯಾ ನಮ್ಮ ಮನ್ನಳ್ಳಿಯ ಹೊಲದಲ್ಲೇ ಹುಟ್ಟಿ ಬೆಳೆದ ನಾಯಿ, ಮೂರು ವರ್ಷದ್ದು. ಮಗಳ ಮನೆಗೆ ಹೋಗುವುದು ಇದ್ದೇ ಇತ್ತು. ತಮ್ಮನ ಹಳೇ ವ್ಯಾನ್ ಇಸಿದುಕೊಂಡು ನಾನು, ನಮ್ಮ ಮನೆಯವರು, ಹಿಂದಿನ ಸೀಟಿನಲ್ಲಿ ಕಾಳ್ಯಾ, ಹೀಗೆ ಹೊರಟೆವು.

ಹೋಗುವಾಗ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಕೈಮುಗಿದು ಹೋಗೋಣ ಎಂದರು ಮನೆಯವರು. ಅವತ್ತು ಭಾನುವಾರ, ಮಲ್ಲಣ್ಣನ ವಾರ. ನಾನು ಗಾಡಿಯನ್ನು ಬೇವಿನ ನೆರಳಿಗೆ ನಿಲ್ಲಿಸಿದೆ. ಎರಡೂ ಕಡೆ ಗ್ಲಾಸನ್ನು ಎರಡೆರಡು ಬೆರಳು ಸರಿಸಿದೆ. "ಹತ್ತು ನಿಮಿಷದಾಗ ಬರ್ತೀವಿ" ಎಂದು ನಾಯಿಗೂ ಹೇಳಿದೆ. ಸಾಲು ಉದ್ದವಿತ್ತು. ತಿರುಗಿ ಬರುವಾಗ ಮುಕ್ಕಾಲು ತಾಸಾಗಿತ್ತು. ನೆರಳು ಅಷ್ಟೊತ್ತಿಗೆ ಗಾಡಿ ಬಿಟ್ಟು ಆಚೆ ಸರಿದಿತ್ತು. ಕಾಳ್ಯಾ ಸೀಟಿನ ಕೆಳಗೆ ನಾಲಿಗೆ ಚಾಚಿ ಬಿದ್ದಿತ್ತು. ಬಾಯಿ ತುಂಬ ಅಂಟು ಜೊಲ್ಲು. ಕರೆದರೆ ಕಣ್ಣು ತಿರುಗಿಸಲಿಲ್ಲ. ನೀರು ಹಾಕಿದೆವು, ಗಾಳಿ ಹಾಕಿದೆವು, ಬೀದರಿಗೆ ವಾಪಸ್ ಓಡಿಸಿದೆವು. ದಾರಿಯಲ್ಲೇ ಹೋಯಿತು.

ಮೈಲಾರನ ಸಂಗಡ ಯಾವಾಗಲೂ ನಾಯಿ ಇರುತ್ತದೆ. ಪಟದಲ್ಲೂ ನಾಯಿ. ಆ ದೇವರ ಬಾಗಿಲಲ್ಲೇ ನಾನು ನನ್ನ ನಾಯಿಯನ್ನು ಕಳೆದುಕೊಂಡೆ. ಬೀಗರಿಗೆ ಏನು ಹೇಳುವುದೆಂದು ಇಡೀ ದಾರಿ ನಾವಿಬ್ಬರೂ ಮಾತಾಡಲಿಲ್ಲ.

ಕೊನೆಗೆ ಪಶುವೈದ್ಯರು ನೋಡಿ ಹೇಳಿದ್ದು ಇಷ್ಟೇ: "ಕಾಕಾ, ನಿಮಗ ನಾಯಿ ಮ್ಯಾಲೆ ಪ್ರೀತಿ ಇಲ್ಲಂತಲ್ಲ. ನಿಮಗ ಗಾಡಿ ಒಳಗಿನ ಶೆಕೆ ಗೊತ್ತಿಲ್ಲ."

ಗಾಡಿಯ ಒಳಗೆ ಏನಾಗುತ್ತದೆ?

ಗ್ಲಾಸಿನಿಂದ ಬಿಸಿಲು ಒಳಗೆ ಬರುತ್ತದೆ. ಸೀಟು, ತಗಡು ಕಾಯುತ್ತವೆ. ಆ ಕಾವು ಹೊರಗೆ ಹೋಗಲು ದಾರಿಯಿಲ್ಲ. ಅಮೆರಿಕದಲ್ಲಿ ಇದನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೇ ಅಳೆದು 2005ರಲ್ಲಿ ಪ್ರಕಟಿಸಿದ್ದಾರೆ. ಒಂದು ತಾಸಿನಲ್ಲಿ ಕಾರಿನ ಒಳಗಿನ ಉಷ್ಣತೆ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಅದರಲ್ಲಿ ಹತ್ತರಲ್ಲಿ ಎಂಟು ಪಾಲು ಏರಿದ್ದು ಮೊದಲ ಅರ್ಧ ತಾಸಿನಲ್ಲೇ. ಗ್ಲಾಸು ಸ್ವಲ್ಪ ಇಳಿಸಿಟ್ಟರೂ ಹೆಚ್ಚು ಫರಕಾಗಲಿಲ್ಲ. ನನ್ನ ಎರಡು ಬೆರಳಿನ ಸಂದು ಯಾವ ಲೆಕ್ಕಕ್ಕೂ ಬರಲಿಲ್ಲವೆಂಬುದು ಇದರಿಂದ ತಿಳಿಯಿತು.

ಇನ್ನು ನಾಯಿಯ ಮೈ. ನಮಗೆ ಮೈಯೆಲ್ಲ ಬೆವರುತ್ತದೆ, ನಾಯಿಗೆ ಹಾಗಿಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬೆವರುತ್ತದೆ, ಅಷ್ಟೇ. ಉಳಿದ ಕಾವನ್ನೆಲ್ಲ ಅದು ತೇಕುತ್ತಾ ನಾಲಿಗೆಯಿಂದಲೇ ಹೊರಹಾಕಬೇಕು. ಸುತ್ತಲಿನ ಗಾಳಿಯೇ ಕಾದಿದ್ದರೆ ತೇಕಿ ಏನು ಪ್ರಯೋಜನ? ನಾಯಿಯ ಮೈ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಇರುತ್ತದೆ. 41 ದಾಟಿದರೆ ಒಳಗಿನ ಅಂಗಗಳು ಕೆಡಲು ಶುರು. ಮೋಟು ಮೂತಿಯ ನಾಯಿ, ಮುದಿ ನಾಯಿ, ಕೊಬ್ಬಿದ ನಾಯಿ ಇನ್ನೂ ಬೇಗ ಸೋಲುತ್ತವೆ.

ಆದ್ದರಿಂದ ಮೊದಲ ನಿಯಮ: ನಿಂತ ಗಾಡಿಯಲ್ಲಿ ಪ್ರಾಣಿಯೊಂದನ್ನೇ ಬಿಟ್ಟು ಹೋಗಬೇಡಿ. ನೆರಳಿರಲಿ, ಗ್ಲಾಸು ಇಳಿಸಿರಲಿ, ಐದೇ ನಿಮಿಷದ ಕೆಲಸವಿರಲಿ. ಇಬ್ಬರಿದ್ದರೆ ಒಬ್ಬರು ನಾಯಿಯ ಜೊತೆ ಹೊರಗೆ ನೆರಳಲ್ಲಿ ನಿಲ್ಲಿ. ಒಬ್ಬರೇ ಇದ್ದರೆ ನಾಯಿಯನ್ನೂ ಇಳಿಸಿಕೊಂಡು ಹೋಗಿ. ಅದು ಆಗದ ಜಾಗವಾದರೆ ಆ ಕೆಲಸವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಬಿಸಿಲು ಬಡಿದರೆ ಏನು ಮಾಡಬೇಕು?

ಗುರುತು ಇವು: ಒಂದೇ ಸಮನೆ ತೇಕುವುದು, ಅಂಟು ಜೊಲ್ಲು, ಒಸಡು ಕಡುಕೆಂಪಾಗುವುದು, ವಾಂತಿ, ತೂರಾಡುವುದು. ತೂರಾಟ ಶುರುವಾದರೆ ಹೊತ್ತು ಕಮ್ಮಿ ಇದೆ ಎಂದು ತಿಳಿಯಿರಿ.

ತಕ್ಷಣ ನೆರಳಿಗೆ ತನ್ನಿ. ಕೊಡದ ತಣ್ಣೀರನ್ನು ಮೈಮೇಲೆ ಸುರಿಯುತ್ತಾ ಇರಿ. ಹೊಟ್ಟೆಯ ಅಡಿ, ತೊಡೆ ಸಂದು, ಪಾದ, ಇವಕ್ಕೆ ಹೆಚ್ಚು ಬೀಳಲಿ. ಜೊತೆಗೇ ಟವೆಲಿನಿಂದ ಗಾಳಿ ಹಾಕಿ. ನೀರು ಮತ್ತು ಗಾಳಿ ಎರಡೂ ಸೇರಿದರೇ ಕಾವು ಇಳಿಯುವುದು. ಒದ್ದೆ ಗೋಣಿ ಹೊದಿಸಿ ಹಾಗೇ ಬಿಡಬೇಡಿ, ಅದು ಬೇಗ ಬಿಸಿಯಾಗಿ ಕಾವನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪ ಕುಡಿಸಿ. ಎಚ್ಚರವಿಲ್ಲದ ಪ್ರಾಣಿಯ ಬಾಯಿಗೆ ನೀರು ಹೊಯ್ಯಬಾರದು, ಅದು ಶ್ವಾಸಕ್ಕೆ ಇಳಿಯುತ್ತದೆ. ನಾವು ಗಾಬರಿಯಲ್ಲಿ ಇದನ್ನೂ ಮಾಡಿದ್ದೆವು. ಮೊದಲು ಮೈ ತಂಪು ಮಾಡಿ, ಆಮೇಲೆ ಡಾಕ್ಟರ ಕಡೆ ಓಡಿ. ಚೇತರಿಸಿದಂತೆ ಕಂಡರೂ ತೋರಿಸಲೇಬೇಕು, ಒಳಗಿನ ಪೆಟ್ಟು ಮರುದಿನ ಹೊರಗೆ ಬೀಳಬಹುದು.

ಓಡುವ ಕಾರಿನಲ್ಲಿ ನಾಯಿ ಎಲ್ಲಿರಬೇಕು?

ನಾಯಿ ಕಿಟಕಿಯಿಂದ ಮುಖ ಹೊರಹಾಕಿ ಕೂತರೆ ನೋಡಲು ಚಂದ. ಆದರೆ ದೂಳು, ಹುಳು ಕಣ್ಣಿಗೆ ಬಡಿಯುತ್ತವೆ. ಎದುರಿಂದ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಮುಖಕ್ಕೇ ಪೆಟ್ಟು. ಮುಂದಿನ ಸೀಟೂ ಬೇಡ. ಗಾಳಿಚೀಲ ಇರುವ ಕಾರಾದರೆ, ಅಪಘಾತದಲ್ಲಿ ಅದು ಉಬ್ಬುವ ಹೊಡೆತಕ್ಕೇ ನಾಯಿ ಸಾಯಬಹುದು. ಓಡಿಸುವವರ ತೊಡೆಯ ಮೇಲಂತೂ ಕೂರಿಸಲೇಬಾರದು.

ಹಿಂದಿನ ಸೀಟಿನಲ್ಲಿ ಬಿಡುಬೀಸಾಗಿ ಬಿಟ್ಟರೂ ಸಾಲದು. ಬ್ರೇಕ್ ಹಾಕಿದರೆ ಕಾರು ನಿಲ್ಲುತ್ತದೆ, ಒಳಗಿನ ನಾಯಿ ಅದೇ ವೇಗದಲ್ಲಿ ಮುಂದೆ ಹಾರುತ್ತದೆ. ಅದಕ್ಕೂ ಪೆಟ್ಟು, ನಿಮಗೂ ಪೆಟ್ಟು. ಹಾಗೆಂದು ಕುತ್ತಿಗೆ ಪಟ್ಟಿಗೆ ಸರಪಳಿ ಹಾಕಿ ಕಟ್ಟಿದರೆ ಉರುಲಾಗುತ್ತದೆ. ಎದೆಗೆ ಪಟ್ಟಿ ಹಾಕಬೇಕು.

ಪೇಟೆಯಲ್ಲಿ ಸಿಗುವ ಎದೆಪಟ್ಟಿಗೆ ದುಡ್ಡು ಹೆಚ್ಚು. ನಾನು ಹಳೇ ಮಂಚದ ನವಾರದಿಂದ ಮಾಡಿಕೊಂಡಿದ್ದೇನೆ. ಕುತ್ತಿಗೆಯ ಬುಡಕ್ಕೆ ಒಂದು ಸುತ್ತು, ಮುಂಗಾಲಿನ ಹಿಂದೆ ಎದೆಗೂಡಿಗೆ ಒಂದು ಸುತ್ತು. ಈ ಎರಡನ್ನೂ ಎದೆಯ ಕೆಳಗೊಂದು, ಬೆನ್ನ ಮೇಲೊಂದು ತುಂಡಿನಿಂದ ಜೋಡಿಸಿ ಚಮ್ಮಾರರಲ್ಲಿ ಎರಡು ಸಾಲು ಹೊಲಿಸಿದೆ. ಬೆನ್ನಿನ ಮೇಲೆ ಕಬ್ಬಿಣದ ಬಳೆ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ. ಬಳೆಗೆ ಮೊಳದುದ್ದದ ಹಗ್ಗ ಕಟ್ಟಿ, ಅದನ್ನು ಹಿಂದಿನ ಸೀಟಿನ ಬೆಲ್ಟಿಗೆ ಕಟ್ಟುತ್ತೇನೆ. ನಾಯಿ ಕೂರಬಹುದು, ಮಲಗಬಹುದು. ಮುಂದಕ್ಕೆ ಹಾರಲಾರದು. ದೊಡ್ಡ ಅಪಘಾತವನ್ನು ಇದು ತಡೆದೀತು ಎಂದು ಹೇಳಲಾರೆ. ಆದರೆ ನಮ್ಮ ರಸ್ತೆಯ ಕುಣಿ, ದಿಢೀರ್ ಬ್ರೇಕಿಗೆ ಇದು ಸಾಕು.

ಬಾಗಿಲು ತೆಗೆಯುವ ಮೊದಲು ಹಗ್ಗ ಕೈಯಲ್ಲಿರಲಿ. ಗಾಬರಿಯಾದ ನಾಯಿ ಬಾಗಿಲು ತೆರೆದ ಕೂಡಲೇ ರಸ್ತೆಗೆ ಜಿಗಿಯುತ್ತದೆ. ಕಚ್ಚುವ ಭಯವಿದ್ದರೆ ಬಟ್ಟೆಯಿಂದ ಮೂತಿ ಕಟ್ಟುವುದು ಹತ್ತಿಸುವ, ಇಳಿಸುವ ಹೊತ್ತಿಗೆ ಮಾತ್ರ. ಬಾಯಿ ಕಟ್ಟಿದ ನಾಯಿ ತೇಕಲಾರದು, ಶೆಕೆಯಲ್ಲಿ ಅದೇ ಸಾವಿಗೆ ದಾರಿ.

ಹೊರಡುವ ಮೂರು ನಾಲ್ಕು ತಾಸು ಮೊದಲೇ ಊಟ ಮುಗಿಸಿಬಿಡಿ, ಅದೂ ಅರೆಹೊಟ್ಟೆ. ನೀರು ಮಾತ್ರ ತಪ್ಪಿಸಬೇಡಿ. ವಾಂತಿಗೆ, ನಿದ್ದೆಗೆ ಎಂದು ನಮ್ಮ ಮಾತ್ರೆ ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆ ಹಲವು ನಾಯಿಗೆ ವಿಷ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಸಾಕು ಸಾಯಲು.

ಎರಡು ಟೊಮೆಟೊ ಕ್ರೇಟು, ಒಂದು ಪೆಟ್ಟಿಗೆ

ಬೆಕ್ಕನ್ನು, ನಾಯಿಮರಿಯನ್ನು ಗೋಣಿಚೀಲದಲ್ಲಿ ಕಟ್ಟಿ ಒಯ್ಯುವುದು ನಮ್ಮಲ್ಲಿ ರೂಢಿ. ಉಸಿರು ಕಟ್ಟುತ್ತದೆ, ಯಾರಾದರೂ ಅದರ ಮೇಲೆ ಸಾಮಾನು ಇಡುತ್ತಾರೆ. ಇದಕ್ಕಿಂತ ಸುಲಭದ ಉಪಾಯವಿದೆ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು ಎರಡು ತೆಗೆದುಕೊಳ್ಳಿ. ಒಂದರಲ್ಲಿ ಹಳೇ ಲುಂಗಿ ಹಾಸಿ, ಮರಿಯನ್ನು ಬಿಟ್ಟು, ಇನ್ನೊಂದನ್ನು ಬೋರಲು ಹಾಕಿ ನಾಲ್ಕೂ ಮೂಲೆಗೆ ದಾರದಿಂದ ಬಿಗಿಯಿರಿ. ಎಲ್ಲ ಕಡೆಯಿಂದ ಗಾಳಿ ಆಡುತ್ತದೆ. ಮುಂದಿನ ಸೀಟಿನ ಹಿಂದೆ ಕೆಳಗಡೆ ಇಟ್ಟರೆ ಅಲುಗುವುದಿಲ್ಲ. ಬೆಕ್ಕಿಗೆ ಮೇಲೊಂದು ತೆಳು ಬಟ್ಟೆ ಹೊದಿಸಿ, ಕತ್ತಲಾದರೆ ಅದು ಸುಮ್ಮನಿರುತ್ತದೆ. ಎರಡು ದಿನ ಮೊದಲೇ ಮನೆಯಲ್ಲಿ ಅದೇ ಕ್ರೇಟಿನಲ್ಲಿ ಹಾಲು ಇಟ್ಟು ರೂಢಿ ಮಾಡಿಸಿದರೆ ಇನ್ನೂ ಚಲೋ.

ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ನಮ್ಮ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಮುಧೋಳ ನಾಯಿಮರಿ ತರಬೇಕೆನ್ನುವವರಿಗೆ ಬೀದರ ಜಿಲ್ಲೆಯಿಂದ ಇಡೀ ದಿನದ ದಾರಿ. ಅಂಥವರಿಗೂ ಈ ಪೆಟ್ಟಿಗೆ ಒಳ್ಳೆಯದು. ಎರಡು ತಾಸಿಗೊಮ್ಮೆ ನಿಲ್ಲಿಸಿ ನೀರು ಕೊಡಿ. ಆದರೆ ಲಸಿಕೆ ಪೂರ್ತಿಯಾಗದ ಮರಿಯನ್ನು ಬೇರೆ ನಾಯಿಗಳು ಓಡಾಡುವ ಢಾಬಾ, ಬಸ್‌ಸ್ಟ್ಯಾಂಡ್ ಹತ್ತಿರ ನೆಲಕ್ಕೆ ಬಿಡಬೇಡಿ. ಅಲ್ಲಿ ಹತ್ತಿದ ರೋಗ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ.

ಆಡಿನ ಕಾಲು ಕಟ್ಟಿ ಮಲಗಿಸಬೇಡಿ

ಕಾಳ್ಯಾ ಸತ್ತ ಮೇಲೆ ನಾನು ದಾರಿಯ ಮೇಲಿನ ಗಾಡಿಗಳನ್ನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ. ಸಂತೆ ದಿನ ಬೈಕಿನ ಹಿಂದೆ, ಟಂಟಂನ ಕಾಲಡಿ, ನಾಲ್ಕೂ ಕಾಲು ಕಟ್ಟಿಸಿಕೊಂಡು ಮಲಗಿದ ಆಡುಗಳು ಕಾಣುತ್ತವೆ. ಇದರಲ್ಲಿ ನಮಗೆ ಗೊತ್ತಿಲ್ಲದ ಅಪಾಯವೊಂದಿದೆ.

ಆಡು, ಕುರಿ, ದನ ಮೆಲುಕು ಹಾಕುವ ಜಾತಿ. ಅವುಗಳ ದೊಡ್ಡ ಹೊಟ್ಟೆಯಲ್ಲಿ ಮೇವು ಕೊಳೆಯುತ್ತಾ ಸದಾ ಗ್ಯಾಸು ಹುಟ್ಟುತ್ತಿರುತ್ತದೆ. ನಿಂತಾಗ ಅದು ತೇಗಿನ ಜೊತೆ ಹೊರಬರುತ್ತದೆ. ಒಂದು ಮಗ್ಗುಲಿಗೆ ಕೆಡವಿ ಕಟ್ಟಿದರೆ ಅನ್ನನಾಳದ ಬಾಯಿಗೆ ಹೊಟ್ಟೆಯ ನೀರು ಅಡ್ಡ ಬಂದು ಗ್ಯಾಸು ಅಲ್ಲೇ ನಿಲ್ಲುತ್ತದೆ. ಎಡಹೊಟ್ಟೆ ಡೋಲಿನಂತೆ ಉಬ್ಬಿ ಶ್ವಾಸಕೋಶವನ್ನು ಒತ್ತುತ್ತದೆ. ಸಂತೆಯಿಂದ ತಂದ ಆಡು ಮನೆಗೆ ಬರುವಷ್ಟರಲ್ಲಿ ಸತ್ತರೆ "ದೃಷ್ಟಿ ಆಯ್ತು" ಎನ್ನುತ್ತೇವೆ. ಬಹಳ ಸಲ ಆದದ್ದು ಇದೇ.

ಆಡನ್ನು ನಿಂತೇ ಒಯ್ಯಬೇಕು, ಇಲ್ಲವೇ ಅದು ತಾನಾಗಿ ಕಾಲು ಮಡಚಿ ಎದೆಯ ಮೇಲೆ ಕೂರುವಂತಿರಬೇಕು. ಹೊರಡುವ ದಿನ ನೆನೆಸಿದ ಕಾಳು, ಎಳೆ ಹಸಿಮೇವು ಹೊಟ್ಟೆ ತುಂಬ ಹಾಕಬೇಡಿ. ಒಣ ಕಣಕಿ, ತೊಗರಿ ಹೊಟ್ಟು, ನೀರು ಸಾಕು. ಹೋತವನ್ನು ಬೇರೆ ಕಟ್ಟಿ, ಮರಿಗಳನ್ನು ದೊಡ್ಡವುಗಳ ಕಾಲಡಿ ಬಿಡಬೇಡಿ. ದಾರಿಯಲ್ಲಿ ಎಡಹೊಟ್ಟೆ ಉಬ್ಬಿದ್ದು ಕಂಡರೆ ಕೂಡಲೇ ನಿಲ್ಲಿಸಿ, ಕೆಳಗಿಳಿಸಿ, ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ಆಕಳು, ಕರು ಒಯ್ಯುವಾಗ

ದೇವಣಿ ಆಕಳು ನಮ್ಮ ಭಾಗದ ಆಸ್ತಿ. ಗಟ್ಟಿ ತಳಿಯೇ. ಆದರೆ ಛೋಟಾ ಹಾಥಿಯ ನುಣುಪಾದ ತಗಡಿನ ಮೇಲೆ ಅದರ ಗೊರಸಿಗೂ ಹಿಡಿತವಿಲ್ಲ. ಗಾಡಿಯಲ್ಲಿ ದನಕ್ಕೆ ಆಗುವ ಪೆಟ್ಟಿನಲ್ಲಿ ಹೆಚ್ಚಿನದು ಜಾರಿ ಬೀಳುವುದರಿಂದ.

ತಗಡಿನ ಮೇಲೆ ಬರೀ ಕಣಕಿ ಹಾಸಿದರೆ ಅದೂ ಜಾರುತ್ತದೆ. ಮೊದಲು ಒದ್ದೆ ಗೋಣಿ ಅಥವಾ ತೆಂಗಿನ ನಾರಿನ ಚಾಪೆ, ಅದರ ಮೇಲೆ ಎರಡು ಬೆರಳು ಮರಳು, ಅದರ ಮೇಲೆ ಕಬ್ಬಿನ ರವದಿ ಹಾಕಿ. ಹತ್ತಿಸಲು ಎಳೆದಾಡಿ ಬಾಲ ತಿರುಚಬೇಡಿ. ಹೊಲದ ಒಡ್ಡಿಗೋ ದಿಬ್ಬಕ್ಕೋ ಗಾಡಿಯ ಹಿಂಬದಿ ತಾಗಿಸಿ ನಿಲ್ಲಿಸಿದರೆ ಆಕಳು ತಾನೇ ನಡೆದು ಒಳಗೆ ಹೋಗುತ್ತದೆ. ಇಳಿಸುವ ಕಡೆಯೂ ಇಂಥ ಜಾಗ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಮುಖ ಇಂಜಿನ್ ಕಡೆಗಿರಲಿ. ಮೂಗುದಾಣಿಯಿಂದ ಕಟ್ಟಬೇಡಿ, ಬಿದ್ದರೆ ಮೂಗೇ ಹರಿಯುತ್ತದೆ. ತಲೆಗೆ ಹಾಕಿದ ಹಗ್ಗವನ್ನು ಗಿಡ್ಡವಾಗಿ, ಒಂದು ಎಳೆ ಎಳೆದರೆ ಬಿಚ್ಚುವ ಗಂಟಿನಿಂದ ಕಟ್ಟಿ. ಹಾಲಿನ ಆಕಳಾದರೆ ಹಿಂಡಿಕೊಂಡೇ ಹೊರಡಿ. ದಿನ ತುಂಬಿದ ಗಬ್ಬದ ಆಕಳನ್ನು ಜೀವ ಉಳಿಸುವ ಕೆಲಸಕ್ಕಲ್ಲದೆ ಹತ್ತಿಸಬೇಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಟ್ಟುವ ಹಾಗೆ, ಇಲ್ಲವೇ ಹೊತ್ತು ಮುಳುಗಿದ ಮೇಲೆ ಪ್ರಯಾಣ ಇಟ್ಟುಕೊಳ್ಳಿ. ಹೊರಟು ಹತ್ತು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ ಹಿಂದೆ ನೋಡಿ. ಗಂಟು ಬಿಗಿದದ್ದು, ಕಾಲು ಸಿಕ್ಕಿದ್ದು ಅಷ್ಟರಲ್ಲಿ ಗೊತ್ತಾಗುತ್ತದೆ.

ಎಷ್ಟು ಜಾಗ ಬೇಕು? ಕಾಯ್ದೆ ಏನು ಹೇಳುತ್ತದೆ?

ಪ್ರಾಣಿ ಸಾಗಾಟದ ಕೇಂದ್ರ ನಿಯಮಗಳು 1978ರವು. ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಕೂಡದು, ಜೊತೆಗೆ ನೋಡಿಕೊಳ್ಳುವ ಒಬ್ಬ ಆಳು ಇರಬೇಕು, ನೆಲ ಜಾರಬಾರದು, ಬೇರೆ ಸಾಮಾನು ತುಂಬಬಾರದು, ಪ್ರಯಾಣಕ್ಕೆ ತಕ್ಕ ಆರೋಗ್ಯವಿದೆ ಎಂಬ ಪಶುವೈದ್ಯರ ಚೀಟಿ ಬೇಕು ಎಂದು ಅದರಲ್ಲಿದೆ. 2016ರ ಜನವರಿಯಿಂದ ಮೋಟಾರು ವಾಹನ ನಿಯಮದಲ್ಲಿ ಜಾಗದ ಅಳತೆಯೂ ಬಂದಿದೆ. ಆಕಳು, ಎಮ್ಮೆ ಒಂದಕ್ಕೆ 2 ಚದರ ಮೀಟರ್, ಆಡು, ಕುರಿ ಒಂದಕ್ಕೆ 0.3 ಚದರ ಮೀಟರ್, ನಡುವೆ ಗಟ್ಟಿ ಅಡ್ಡಗೋಡೆ.

ನಮ್ಮ ಲೆಕ್ಕಕ್ಕೆ ತಂದರೆ ಹೀಗೆ. ಛೋಟಾ ಹಾಥಿಯ ಹಿಂಭಾಗ ಸುಮಾರು ಏಳು ಅಡಿ ಉದ್ದ, ಐದು ಅಡಿ ಅಗಲ, ಅಂದರೆ 35 ಚದರ ಅಡಿ. ದೊಡ್ಡ ಆಕಳಿಗೆ ಇಪ್ಪತ್ತೊಂದೂವರೆ ಚದರ ಅಡಿ ಬೇಕು, ಹಾಗಾಗಿ ಒಂದೇ ಆಕಳು. ಆಡಾದರೆ ಒಂದಕ್ಕೆ ಮೂರೂಕಾಲು ಚದರ ಅಡಿ, ಹತ್ತಕ್ಕಿಂತ ಹೆಚ್ಚು ಬೇಡ. ಇಪ್ಪತ್ತು ತುರುಕಿ ಒಂದು ಟ್ರಿಪ್ಪಿನ ಬಾಡಿಗೆ ಉಳಿಸಿದವನು ಸತ್ತ ಒಂದು ಆಡಿನಲ್ಲಿ ಆ ಬಾಡಿಗೆಯ ಎಷ್ಟೋ ಪಟ್ಟು ಕಳೆದುಕೊಳ್ಳುತ್ತಾನೆ.

ನಮ್ಮದು ಗಡಿ ಜಿಲ್ಲೆ. ಔರಾದದವರಿಗೆ ಮಹಾರಾಷ್ಟ್ರ ಹತ್ತಿರ, ಮನ್ನಳ್ಳಿಯವರಿಗೆ ತೆಲಂಗಾಣದ ಜಹೀರಾಬಾದ್ ಹತ್ತಿರ. ಕಿವಿಯ ಓಲೆ ನಂಬರು, ಕಾಲುಬಾಯಿ ಲಸಿಕೆ ಹಾಕಿಸಿದ ದಾಖಲೆ, ಡಾಕ್ಟರ ಚೀಟಿ, ಕೊಂಡ ರಸೀದಿ ಕೈಯಲ್ಲಿರಲಿ. ಕಾಗದವಿಲ್ಲದೆ ನಾಕಾದಲ್ಲಿ ಮೂರು ತಾಸು ನಿಂತರೆ ಬಿಸಿಲು ತಿನ್ನುವುದು ದನವೇ. ನಾಯಿಯದಾದರೆ ಹುಚ್ಚುನಾಯಿ ರೋಗದ ಲಸಿಕೆ ಪುಸ್ತಕ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದ ಹಲವು ಕಡೆ ದನದ ಸಂತೆ, ಸಾಗಾಟ ನಿಲ್ಲಿಸಿದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಪ್ರಾಣಿಗೆ ಕಾಯಿಲೆ ಎಂದಾದರೆ ಇನ್ನೊಂದು ಮಾತು. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ಗಾಡಿ ಊರಿಗೇ ಬರುತ್ತದೆ. ನಿಲ್ಲಲಾಗದ ದನವನ್ನು ಕುಲುಕಾಡಿಸಿ ಒಯ್ಯುವ ಮೊದಲು ಆ ಫೋನ್ ಮಾಡಿ ನೋಡಿ.

ಜೊತೆಗಿರಬೇಕಾದ ಗಂಟು

1. ಐದು ಲೀಟರ್ ಕ್ಯಾನ್ ನೀರು, ಅಗಲ ಬಾಯಿಯ ಬೋಗುಣಿ.
2. ಎರಡು ಹಳೇ ಟವೆಲ್.
3. ಹೆಚ್ಚಿನ ಹಗ್ಗ ಒಂದು, ಉರುಲು ಬಿದ್ದರೆ ಕತ್ತರಿಸಲು ಕುಡಗೋಲು.
4. ಜ್ವರ ನೋಡುವ ಥರ್ಮಾಮೀಟರ್, ಪ್ರಾಣಿಗೆಂದೇ ಬೇರೆ.
5. ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳು, ಡಾಕ್ಟರ ಫೋನ್ ನಂಬರು.

ಊರು ಮುಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ಮೊದಲು ನೆರಳು, ಆಮೇಲೆ ನೀರು, ಮೇವು ಕಡೆಗೆ. ಹೊಸದಾಗಿ ಕೊಂಡ ಆಡು, ದನವನ್ನು ಮೂರು ವಾರ ನಿಮ್ಮ ಹಿಂಡಿನಿಂದ ದೂರ ಕಟ್ಟಿ. ಹೊಸ ಮನೆಗೆ ಬಂದ ನಾಯಿಯನ್ನು ಒಂದೆರಡು ವಾರ ಹಗ್ಗದಲ್ಲೇ ತಿರುಗಾಡಿಸಿ. ಇಲ್ಲದಿದ್ದರೆ ಹಳೇ ಮನೆ ಹುಡುಕಿಕೊಂಡು ರಸ್ತೆ ಹಿಡಿಯುತ್ತದೆ.

ಕಳೆದ ವರ್ಷ ಬೀಗರಿಗೆ ಮತ್ತೊಂದು ನಾಯಿ ಕೊಟ್ಟೆ, ಕಾಳ್ಯಾನ ತಂಗಿಯ ಮರಿ. ನಸುಕಿನ ಐದಕ್ಕೆ ಮನ್ನಳ್ಳಿ ಬಿಟ್ಟೆವು. ನವಾರದ ಪಟ್ಟಿ ಎದೆಗೆ, ನೀರಿನ ಕ್ಯಾನ್ ಕಾಲಬಳಿ. ಖಾನಾಪುರದಲ್ಲಿ ಮನೆಯವರು ಒಬ್ಬರೇ ದರ್ಶನಕ್ಕೆ ಹೋದರು. ನಾನು ಅದೇ ಬೇವಿನ ಕೆಳಗೆ ನಾಯಿಯ ಹಗ್ಗ ಹಿಡಿದು ನಿಂತಿದ್ದೆ. ಅಲ್ಲಿಂದಲೇ ಮಲ್ಲಣ್ಣನಿಗೆ ಕೈ ಮುಗಿದೆ.

ದನ, ಆಡು ಸಾಗಿಸುವಲ್ಲಿ ನಿಮ್ಮದೇ ಉಪಾಯಗಳಿದ್ದರೆ ಪತ್ರಿಕೆಗೆ ಬರೆದು ತಿಳಿಸಿ. ಮುಖ್ಯವಾಗಿ ನಾಲ್ಕು ಆಡು ನಿಲ್ಲುವಂಥ, ಟಂಟಂನಲ್ಲಿ ಕೂರಿಸಿ ತೆಗೆಯಬಹುದಾದ ಅಗ್ಗದ ಕಟಾಂಜನ ಯಾರಾದರೂ ಮಾಡಿಸಿದ್ದೀರಾ? ಅಳತೆ, ಖರ್ಚು ಸಹಿತ ಬರೆಯಿರಿ. ನನಗೂ ಬೇಕಾಗಿದೆ.